ಉಕ್ಕು ನಮ್ಮದು, ಎಂಜಿನ್ ಯಾರದು?

ದೊಡ್ಡಬಳ್ಳಾಪುರದ ಬಳಿಯ ರಾಜಘಟ್ಟದಲ್ಲಿ ಕೆರೆ ಏರಿ ಇಳಿದು ಹೊಲದ ದಾರಿ ಹಿಡಿದರೆ ಬೇಲಿ ಸಾಲಿನಲ್ಲಿ ತಂಗಡಿ ಸಿಗುತ್ತದೆ. ಯಾರೂ ನೆಡದ, ಯಾರೂ ನೀರು ಹಾಕದ, ದನಗಳೂ ಬಾಯಿ ಹಾಕದ ಗಿಡ. ಹೂ ಬಿಟ್ಟಾಗ ಬೀಳು ನೆಲವೆಲ್ಲ ಹಳದಿ. ಆವರಿಕೆ ಎಂದೂ ಇದಕ್ಕೆ ಹೆಸರು. ಇದರ ತೊಗಟೆ ಚರ್ಮ ಹದ ಮಾಡುವವರಿಗೆ ಹೋಗುತ್ತಿತ್ತು ಎಂಬುದು ಹಿರಿಯರಿಗೆ ಇನ್ನೂ ಗೊತ್ತು. ಆದರೆ ಉಕ್ಕು ಮಾಡುವವರಿಗೆ ತಂಗಡಿ ಕಡ್ಡಿ ಬೇಕೇ ಬೇಕಿತ್ತು ಎಂಬುದು ಈ ಸೀಮೆಯ ನೆನಪಿನಿಂದಲೇ ಅಳಿಸಿಹೋಗಿದೆ.

ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿಯ ವೈದ್ಯ ದೊಡ್ಡಬಳ್ಳಾಪುರದ ಮೇಲೆ ಹಾದು ಮಧುಗಿರಿಯ ಕಡೆ ಹೋದ. ಗೆದ್ದ ನಾಡಿನಲ್ಲಿ ಏನೇನು ಬೆಳೆಯುತ್ತದೆ, ಏನೇನು ತಯಾರಾಗುತ್ತದೆ ಎಂದು ಬರೆದುಕೊಳ್ಳುವುದು ಅವನಿಗೆ ವಹಿಸಿದ ಕೆಲಸ. ಅವನು ಕಂಡದ್ದು ಹೀಗೆ. ಮಳೆಗಾಲದಲ್ಲಿ ಹಳ್ಳಗಳು ಗುಡ್ಡದಿಂದ ಕಪ್ಪು ಮರಳು ತಂದು ಹಾಕುತ್ತವೆ. ಅದನ್ನು ತೊಳೆದು, ಜರಡಿ ಹಿಡಿದಂತೆ ಹಗುರ ಮಣ್ಣು ಬಿಟ್ಟು, ಭಾರದ್ದನ್ನು ಉಳಿಸಿಕೊಳ್ಳುತ್ತಾರೆ. ಮಣ್ಣಿನ ಕುಲುಮೆಯಲ್ಲಿ ಇದ್ದಿಲು ಒಂದು ಪದರ, ಮರಳು ಒಂದು ಪದರ ಹಾಕಿ, ಚರ್ಮದ ತಿದಿ ಒತ್ತಿ ಕಾಯಿಸಿದರೆ ಕಬ್ಬಿಣದ ಗಟ್ಟಿ ಬರುತ್ತದೆ. ಆ ಗಟ್ಟಿಯನ್ನು ಬಡಿದು, ತುಂಡು ಮಾಡಿ, ಮಣ್ಣಿನ ಮೂಸೆಗೆ ಹಾಕಿ, ಜೊತೆಗೆ ತೂಕ ನೋಡಿ ತಂಗಡಿ ಕಡ್ಡಿ, ಒಂದು ಬಳ್ಳಿಯ ಎರಡು ಹಸಿ ಎಲೆ ಇಟ್ಟು ಬಾಯಿ ಮುಚ್ಚಿ ಮೆತ್ತುತ್ತಾರೆ. ಬೆಂಕಿಯಲ್ಲಿ ಕಡ್ಡಿ ಇದ್ದಿಲಾಗಿ, ಇದ್ದಿಲು ಕಬ್ಬಿಣದೊಳಗೆ ಇಳಿದು, ತಣ್ಣಗಾದ ಮೇಲೆ ಮೂಸೆ ಒಡೆದರೆ ಉಕ್ಕು.

ಕಬ್ಬಿಣಕ್ಕೆ ಎಷ್ಟು ಇಂಗಾಲ ಸೇರಬೇಕು ಎಂಬ ಲೆಕ್ಕ ಆ ಕೈಗಳಲ್ಲಿತ್ತು. ಒಂದು ನಾಡಿನ ಆಯುಧ ಉದ್ಯಮ ಎಂದರೆ ಮೊದಲಿಗೆ ಇದೇ. ಕಾರ್ಖಾನೆಯ ಕಟ್ಟಡ, ಬೇಲಿ, ಫಲಕ ಎಲ್ಲ ಆಮೇಲೆ ಬರುವಂಥವು.

ರಾಜಘಟ್ಟವನ್ನು ಹೊರಗಿನವರು ಬಲ್ಲದ್ದು ಬೇರೆ ಕಾರಣಕ್ಕೆ. 2001ರಲ್ಲಿ, ಆಮೇಲೆ 2004ರಲ್ಲಿ, ಮೈಸೂರು ವಿಶ್ವವಿದ್ಯಾಲಯದ ಪುರಾತತ್ವ ವಿಭಾಗದವರು ಇಲ್ಲಿ ಅಗೆದಾಗ ಗಂಗರ ಕಾಲದ ಬೌದ್ಧ ಚೈತ್ಯ ಮತ್ತು ವಿಹಾರದ ಅಡಿಪಾಯ ಸಿಕ್ಕಿತು. ಅಂಗೈಯಲ್ಲಿ ಹಿಡಿಸುವ ಮಣ್ಣಿನ ಹರಕೆ ಸ್ತೂಪಗಳು, ಅವುಗಳೊಳಗೆ ಅಕ್ಷರದ ಅಚ್ಚೊತ್ತಿದ ಬಿಲ್ಲೆಗಳು ಸಿಕ್ಕವು. ಮಣ್ಣನ್ನು ಹದ ಮಾಡಿ ಅಚ್ಚೊತ್ತುವ ಕಸುಬು ಇಲ್ಲಿ ಒಂದೂವರೆ ಸಾವಿರ ವರ್ಷದಷ್ಟು ಹಳೆಯದು ಎಂಬುದಕ್ಕೆ ಇದು ಸಾಕ್ಷಿ. ಇಂದು ಇದೇ ಊರಿನಿಂದ ಗಾಡಿಯಲ್ಲಿ ಸ್ವಲ್ಪ ದೂರ ಹೋದರೆ ಯಲಹಂಕದ ವಾಯುನೆಲೆ. ಇನ್ನೊಂದು ಕಡೆ ದೇವನಹಳ್ಳಿ, ವಿಮಾನ ನಿಲ್ದಾಣ, ಕೆಐಎಡಿಬಿಯ ಏರೋಸ್ಪೇಸ್ ಪಾರ್ಕ್. ಎರಡು ವರ್ಷಕ್ಕೊಮ್ಮೆ ಏರ್ ಶೋ ಬಂತೆಂದರೆ ದೊಡ್ಡಬಳ್ಳಾಪುರದ ಮಗ್ಗದ ಸದ್ದನ್ನೂ ಮೀರಿಸಿ ಯುದ್ಧವಿಮಾನ ಗುಡುಗುತ್ತದೆ. ಇಷ್ಟು ಹತ್ತಿರ ಇರುವುದರ ಬಗ್ಗೆ ನಾವು ಇಷ್ಟು ಕಡಿಮೆ ಮಾತಾಡುವುದು ಸರಿಯಲ್ಲ ಎನಿಸಿ ಇದನ್ನು ಬರೆಯುತ್ತಿದ್ದೇನೆ.

ಆಯುಧದೊಂದಿಗೆ ಈ ಸೀಮೆಯ ನಂಟು ಹಳೆಯದು. ಹೈದರಾಲಿಯ ತಂದೆ ಫತ್ತೇ ಮಹಮ್ಮದ್ ಒಂದು ಕಾಲಕ್ಕೆ ಆರ್ಕಾಟಿನ ನವಾಬನ ಸೈನ್ಯದಲ್ಲಿ ಬಿದಿರಿನ ಬಾಣ, ಅಂದರೆ ಮದ್ದಿನ ರಾಕೆಟ್, ಹಾರಿಸುವ ಐವತ್ತು ಆಳುಗಳ ನಾಯಕನಾಗಿದ್ದ ಎನ್ನುತ್ತಾರೆ. ಆಮೇಲೆ ಶಿರಾದ ಸುಬೇದಾರನ ಸೇವೆಗೆ ಬಂದು ಯುದ್ಧದಲ್ಲಿ ಸತ್ತ. ಆಗ ಅವನ ಸಂಸಾರ ಇದ್ದದ್ದು ದೊಡ್ಡಬಳ್ಳಾಪುರದಲ್ಲಿ. ಇಲ್ಲಿನ ಜಹಗೀರುದಾರ ಅಬ್ಬಾಸ್ ಕುಲಿ ಖಾನ್ ಸಾಲದ ನೆಪ ಒಡ್ಡಿ ಆ ಮನೆಯನ್ನು ಸುಲಿದು, ಎಳೆಯ ಹೈದರನನ್ನೂ ಅವನ ಅಣ್ಣನನ್ನೂ ನಗಾರಿಯೊಳಗೆ ಕೂರಿಸಿ ಮೇಲೆ ಬಡಿಸಿದ ಕಥೆಯನ್ನು ಮೈಸೂರಿನ ಇತಿಹಾಸ ಬರೆದವರು ದಾಖಲಿಸಿದ್ದಾರೆ. ಆ ಹುಡುಗ ದೊಡ್ಡವನಾಗಿ ದೇವನಹಳ್ಳಿಯ ಮುತ್ತಿಗೆಯಲ್ಲಿ ಹೆಸರು ಮಾಡಿದ. ಅವನ ಮಗ ಟಿಪ್ಪು ಹುಟ್ಟಿದ್ದೂ ದೇವನಹಳ್ಳಿಯಲ್ಲೇ.

ಅಜ್ಜನ ಬಿದಿರಿನ ಬಾಣ ಮೊಮ್ಮಗನ ಕಾಲಕ್ಕೆ ಕಬ್ಬಿಣದ್ದಾಗಿತ್ತು. ಸುಮಾರು ಎಂಟು ಅಂಗುಲ ಉದ್ದದ ಕಬ್ಬಿಣದ ಕೊಳವೆ, ಅದಕ್ಕೆ ಚರ್ಮದ ಪಟ್ಟಿಯಲ್ಲಿ ಬಿಗಿದ ನಾಲ್ಕು ಅಡಿಯ ಬಿದಿರು. ನೋಡಲು ಸರಳ. ಆದರೆ ಕಾಗದದ ಅಥವಾ ಬಿದಿರಿನ ಕೊಳವೆಯಲ್ಲಿ ಮದ್ದು ಒತ್ತಾಗಿ ತುಂಬಿದರೆ ಕೊಳವೆಯೇ ಸೀಳುತ್ತದೆ. ಕಬ್ಬಿಣದ ಕೊಳವೆ ಒಳಗಿನ ಒತ್ತಡ ತಡೆಯುತ್ತದೆ. ಒತ್ತಡ ಹೆಚ್ಚಿದಷ್ಟೂ ಬಾಣ ದೂರ ಹೋಗುತ್ತದೆ. ಹೀಗಾಗಿ ಮೈಸೂರಿನ ಬಾಣ ಎರಡು ಕಿಲೋಮೀಟರ್ ದಾಟುತ್ತಿತ್ತು. ಯುರೋಪಿನವರ ಬಳಿ ಆಗ ಇದಕ್ಕೆ ಸಮನಾದದ್ದು ಇರಲಿಲ್ಲ. ಈ ಲೆಕ್ಕವನ್ನು ವಿಜ್ಞಾನದ ಭಾಷೆಯಲ್ಲಿ ಬಿಡಿಸಿಟ್ಟವರು ಬೆಂಗಳೂರಿನ ರೊದ್ದಂ ನರಸಿಂಹ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ, ಅಂದರೆ ಎನ್‌ಎಎಲ್‌ನ, ನಿರ್ದೇಶಕರಾಗಿದ್ದಾಗ 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಮೇಲೆ ಅವರು ಬರೆದ ಪ್ರಬಂಧವನ್ನು ಇಂದಿಗೂ ಎಲ್ಲರೂ ಉಲ್ಲೇಖಿಸುತ್ತಾರೆ. ಅವರ ತಂದೆ ಆರ್. ಎಲ್. ನರಸಿಂಹಯ್ಯ ಕನ್ನಡದಲ್ಲಿ ಭೌತವಿಜ್ಞಾನ ಬರೆದ ಮೊದಲಿಗರಲ್ಲಿ ಒಬ್ಬರು ಎಂಬುದನ್ನೂ ಇಲ್ಲೇ ನೆನೆಯಬೇಕು.

ಆ ಬಾಣದ ಹಿಂದೆ ಒಂದು ಇಡೀ ನಾಡೇ ದುಡಿಯುತ್ತಿತ್ತು. ಹಳ್ಳದ ಕಪ್ಪು ಮರಳು, ಕಾಡಿನ ಇದ್ದಿಲು, ಸೌಳು ಮಣ್ಣು ತೊಳೆದು ತೆಗೆದ ಪೆಟ್ಲುಪ್ಪು, ಮಲೆನಾಡಿನ ಬಿದಿರು, ಮಾದಿಗರ ಕೇರಿಯ ಚರ್ಮ, ಕಮ್ಮಾರನ ಸುತ್ತಿಗೆ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ ಈ ನಾಲ್ಕು ಕಡೆ ತಾರಾಮಂಡಲ ಪೇಟೆಗಳಿದ್ದವು. ಮದ್ದು, ಬಾಣ, ಕೋವಿಯ ಕಸುಬುದಾರರು ಒಂದೇ ಕಡೆ ಕೂತು ಕೆಲಸ ಮಾಡುವ ಬೀದಿಗಳು ಅವು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪುರಾತತ್ವ ಇಲಾಖೆಯವರು ಒಂದು ಹಾಳು ಬಾವಿಯ ಕೆಸರು ಎತ್ತಿಸಿದಾಗ ಸಾವಿರಕ್ಕೂ ಹೆಚ್ಚು ಬಾಣಗಳು ಬಂದವು. ತುಕ್ಕು ತಿಂದ ಕೊಳವೆಗಳ ರಾಶಿ, ಯುದ್ಧಕ್ಕೆಂದು ಕೂಡಿಟ್ಟದ್ದು. ಇಷ್ಟು ದೊಡ್ಡ ರಾಶಿ ಒಬ್ಬಿಬ್ಬರು ಕುಶಲಕರ್ಮಿಗಳ ಕೈಚಳಕದಿಂದ ಆಗುವಂಥದ್ದಲ್ಲ. ಅಳತೆ ಇಟ್ಟುಕೊಂಡು, ಆಳು ಇಟ್ಟುಕೊಂಡು, ವರ್ಷಗಟ್ಟಲೆ ನಡೆಸಿದ ತಯಾರಿಕೆ ಅದು.

1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನುಚ್ಚುನೂರಾದ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಡುವಣ ಗೋಡೆಯ ಮೇಲಿದೆ. ನಡುವೆ ಇಂಗ್ಲಿಷರ ಮದ್ದಿನ ಬಂಡಿ ಸಿಡಿಯುತ್ತಿದೆ. ಸುತ್ತ ಚೌಕ ಕಟ್ಟಿ ನಿಂತ ಕೆಂಪಂಗಿಯವರು. ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಂಡ ಬೇಲಿ. ಶಾಲೆಯ ಮಕ್ಕಳು ಆ ಗೋಡೆಯ ಮುಂದೆ ಸಾಲಾಗಿ ಹಾದುಹೋಗುತ್ತಾರೆ. ಆ ಬಂಡಿಯ ಮೇಲೆ ಬಿದ್ದದ್ದು ಬಾಣವಾಗಿದ್ದರೆ, ಅದರ ಕಬ್ಬಿಣ ಎಲ್ಲಿಂದ ಬಂದಿರಬಹುದು ಎಂದು ಅವರಿಗೆ ಯಾರಾದರೂ ಹೇಳಿಕೊಡಬೇಕು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಇದೆಲ್ಲ ಮುಗಿಯಿತು. ಕೋಟೆಯಲ್ಲಿ ಸಿಕ್ಕ ಬಾಣಗಳು ಇಂಗ್ಲೆಂಡಿನ ವುಲ್ವಿಚ್ ಶಸ್ತ್ರಾಗಾರಕ್ಕೆ ಹೋದವು. ವಿಲಿಯಂ ಕಾಂಗ್ರೀವ್ ಅಲ್ಲಿ ಅದನ್ನು ತಿದ್ದಿ, ಅಳತೆಗೆ ತಂದು, 1806ರಲ್ಲಿ ಬುಲೋನ್ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ ಹಾರಿಸಿ ತೋರಿಸಿದ. ಅಲ್ಲಿ ಒಂದು ಉದ್ಯಮ ಹುಟ್ಟುತ್ತಿದ್ದಾಗ ಇಲ್ಲಿ ಇನ್ನೊಂದು ನಿಧಾನವಾಗಿ ಸಾಯುತ್ತಿತ್ತು. ಬಾಣ ಕೊಳ್ಳುವ ರಾಜನಿಲ್ಲ. ಹಡಗಿನಲ್ಲಿ ಇಂಗ್ಲೆಂಡಿನ ಅಗ್ಗದ ಕಬ್ಬಿಣ ಬಂತು. ಕಾಡಿಗೆ ಸರ್ಕಾರದ ಕಾವಲು ಬಿದ್ದು ಇದ್ದಿಲು ದುಬಾರಿಯಾಯಿತು. ಕುಲುಮೆಯವರು ನೇಗಿಲಿನ ಗುಳ ತಟ್ಟುವ ಕೆಲಸಕ್ಕೆ ಇಳಿದರು, ಆಮೇಲೆ ಕೂಲಿಗೆ. 1923ರಲ್ಲಿ ವಿಶ್ವೇಶ್ವರಯ್ಯನವರ ಹಟದಿಂದ ಭದ್ರಾವತಿಯಲ್ಲಿ ಕಬ್ಬಿಣ ಕರಗುವ ಹೊತ್ತಿಗೆ ಹಳೆಯ ಕೈಗಳೊಂದಿಗೆ ಯಾವ ಕೊಂಡಿಯೂ ಉಳಿದಿರಲಿಲ್ಲ. ನಾನು ಹೇಳಬೇಕೆಂದಿರುವುದು ಈ ಕೊಂಡಿಯ ಬಗ್ಗೆಯೇ. ಈ ನಾಡಿಗೆ ಬುದ್ಧಿ ಎಂದೂ ಕಡಿಮೆ ಬಿದ್ದಿಲ್ಲ, ಹಣವೂ ಹೇಗೋ ಹೊಂದಿದೆ. ಕಲಿತದ್ದು ಮುಂದಿನ ಕೈಗೆ ದಾಟುವ ಮುನ್ನ ಕೆಲಸ ನಿಂತುಹೋಗಿರುವುದೇ ಪ್ರತಿ ಸಲದ ಪೆಟ್ಟು.

1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಇಂದಿನ ಎಚ್‌ಎಎಲ್) ತೆರೆದಾಗ ಮೈಸೂರು ಸರ್ಕಾರ 700 ಎಕರೆ ಜಮೀನು, 25 ಲಕ್ಷ ರೂಪಾಯಿ ಬಂಡವಾಳ ಕೊಟ್ಟಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಬಿಡದೆ ಹಿಂದೆ ಬಿದ್ದು ತಂದ ಕಾರ್ಖಾನೆ ಅದು. ಎರಡೇ ವರ್ಷದಲ್ಲಿ ಯುದ್ಧದ ಕಾರಣಕ್ಕೆ ಭಾರತ ಸರ್ಕಾರ ವಹಿಸಿಕೊಂಡಿತು. ಅಮೆರಿಕದ ಸೇನೆಯ ವಿಮಾನಗಳ ರಿಪೇರಿ ಶೆಡ್ ಆಯಿತು. ಅಲ್ಲಿ ಕೈ ಪಳಗಿಸಿಕೊಂಡವರೇ ಮುಂದೆ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಎಚ್‌ಟಿ-2 ತರಬೇತಿ ವಿಮಾನ ಮಾಡಿ 1951ರಲ್ಲಿ ಹಾರಿಸಿದರು. 1954ರಲ್ಲಿ ಜಾಲಹಳ್ಳಿಗೆ ಬಿಇಎಲ್ ಬಂತು, 1964ರಲ್ಲಿ ಬಿಇಎಂಎಲ್. ಕೋರಮಂಗಲದಿಂದ ಕೊತ್ತನೂರಿನವರೆಗೆ ಮನೆಗೊಬ್ಬ ಎಚ್‌ಎಎಲ್ ನೌಕರ ಎಂಬಂತಿದ್ದ ಕಾಲವನ್ನು ಬೆಂಗಳೂರಿನ ಹಳಬರು ಮರೆತಿಲ್ಲ.

ಅದೇ ಕಾರ್ಖಾನೆಯಿಂದ ಮಾರುತ್ ಯುದ್ಧವಿಮಾನ ಬಂತು. ಅದರ ಕಥೆ ನಮ್ಮನ್ನು ನೇರವಾಗಿ ಒಂದು ಮರುಭೂಮಿ ದೇಶಕ್ಕೆ ಒಯ್ಯುತ್ತದೆ.

1956ರಲ್ಲಿ ಜರ್ಮನಿಯ ವಿನ್ಯಾಸಗಾರ ಕುರ್ಟ್ ಟ್ಯಾಂಕ್ ತನ್ನ ತಂಡದೊಂದಿಗೆ ಬೆಂಗಳೂರಿಗೆ ಬಂದ. ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಹಾರಿತು. ಹಾರಿಸಿದವರು ಸುರಂಜನ್ ದಾಸ್. ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆ ಹೋಗುವ ರಸ್ತೆಗೆ ಅವರದೇ ಹೆಸರು. ವಿಮಾನದ ಮೈ ಶಬ್ದದ ಎರಡು ಪಟ್ಟು ವೇಗಕ್ಕೆಂದು ರೂಪಿಸಿದ್ದು. ಆದರೆ ಆ ವೇಗಕ್ಕೆ ಬೇಕಾದ ಎಂಜಿನ್ ಅಭಿವೃದ್ಧಿಯನ್ನು ಬ್ರಿಟಿಷರು ಕೈಬಿಟ್ಟರು. ಸಿಕ್ಕಿದ್ದು ಚಿಕ್ಕ ಆರ್ಫಿಯಸ್ ಎಂಜಿನ್. ಅದನ್ನೇ ಎರಡು ಕೂರಿಸಿದರೂ ಮಾರುತ್ ಶಬ್ದದ ವೇಗವನ್ನು ಕಷ್ಟಪಟ್ಟು ಮುಟ್ಟುತ್ತಿತ್ತು.

ಅದೇ ವೇಳೆ ಈಜಿಪ್ಟಿನಲ್ಲಿ ನಾಸರ್ ತಮ್ಮದೇ ಆಯುಧ ಉದ್ಯಮ ಕಟ್ಟಲು ಹೊರಟಿದ್ದರು. ಕೈರೋದ ತೆಂಕಣಕ್ಕಿರುವ ಹೆಲ್ವಾನ್‌ನಲ್ಲಿ ಮರಳಿನ ನಡುವೆ ಕಾರ್ಖಾನೆಗಳು ಎದ್ದವು. ವಿಮಾನಕ್ಕೆ ಜರ್ಮನಿಯ ಮೆಸ್ಸರ್‌ಶ್ಮಿಟ್, ಎಂಜಿನ್‌ಗೆ ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್. ಅವರ ಬಳಿ ಎಂಜಿನ್ ತಯಾರಾಗುತ್ತಿತ್ತು, ನಮ್ಮ ಬಳಿ ಮೈ ಸಿದ್ಧವಿತ್ತು. ಎರಡು ದೇಶ ಕೈ ಜೋಡಿಸಿದವು. 1964ರ ಮಾರ್ಚ್ 7ರಂದು ಈಜಿಪ್ಟಿನ ಎಚ್‌ಎ-300 ವಿಮಾನವನ್ನು ಮೊದಲ ಸಲ ಹಾರಿಸಿದ್ದು ಭಾರತೀಯ ವಾಯುಪಡೆಯ ಕಪಿಲ್ ಭಾರ್ಗವ. ಬೆಂಗಳೂರಿನಲ್ಲಿ ತಯಾರಾದ ಒಂದು ಮಾರುತ್ ಹೆಲ್ವಾನ್‌ಗೆ ಹೋಗಿ, ಒಂದು ಬದಿಗೆ ಬ್ರಾಂಡ್ನರ್‌ನ ಇ-300 ಎಂಜಿನ್ ಕೂರಿಸಿಕೊಂಡು 1967ರ ಮಾರ್ಚಿನಲ್ಲಿ ಹಾರಿತು. ಬೆಂಗಳೂರಿನಿಂದ ಹೋದ ತಂಡ ಅಲ್ಲಿ ಬೀಡುಬಿಟ್ಟು ಕೆಲಸ ಮಾಡಿತು. ಅದಾದ ಮೂರೇ ತಿಂಗಳಿಗೆ ಆರು ದಿನಗಳ ಯುದ್ಧ. ಸೋತ ಈಜಿಪ್ಟ್‌ಗೆ ತಕ್ಷಣ ವಿಮಾನ ಬೇಕಾಗಿತ್ತು, ಹತ್ತು ವರ್ಷ ಕಾಯುವ ತಾಳ್ಮೆಯೂ ಹಣವೂ ಇರಲಿಲ್ಲ. ಸೋವಿಯತ್ ವಿಮಾನಗಳನ್ನು ನೆಚ್ಚಿಕೊಂಡಿತು. 1969ರಲ್ಲಿ ಹೆಲ್ವಾನ್ ಯೋಜನೆ ಮುಚ್ಚಿತು, ನಮ್ಮವರು ವಾಪಸ್ ಬಂದರು. ಎಚ್‌ಎ-300 ಈಗ ಜರ್ಮನಿಯ ಮ್ಯೂನಿಕ್ ಹತ್ತಿರದ ವಸ್ತುಸಂಗ್ರಹಾಲಯದಲ್ಲಿದೆ.

1970ರ ಜನವರಿಯಲ್ಲಿ, ಎಂಜಿನ್‌ನ ಬಲ ಹೆಚ್ಚಿಸಲು ನಾವೇ ಮಾಡಿಕೊಂಡ ಬದಲಾವಣೆಯ ಮಾರುತ್ ಹಾರಿಸುವಾಗ ಅಪಘಾತದಲ್ಲಿ ಸುರಂಜನ್ ದಾಸ್ ತೀರಿಕೊಂಡರು. ಆದರೂ 1971ರ ಯುದ್ಧದಲ್ಲಿ ಮಾರುತ್‌ಗಳು ರಾಜಸ್ಥಾನದ ಮರುಭೂಮಿ ಗಡಿಯಲ್ಲಿ ನೆಲದ ಪಡೆಗೆ ಬೆಂಬಲವಾಗಿ ನಿಂತವು. ಒಟ್ಟು 147 ತಯಾರಾದವು. ಎಂಬತ್ತರ ದಶಕದಲ್ಲಿ ಅವನ್ನು ಒಂದೊಂದಾಗಿ ನಿವೃತ್ತಿ ಮಾಡಿದರು. ಅದರ ಮುಂದಿನ ಪೀಳಿಗೆಯ ವಿಮಾನ ಬರಲೇ ಇಲ್ಲ. ವಿನ್ಯಾಸದ ಕೋಣೆಯಲ್ಲಿ ಕಲಿತವರು ಲೈಸೆನ್ಸ್ ವಿಮಾನ ಜೋಡಿಸುವ ಕೆಲಸಕ್ಕೆ ಹೋದರು, ಇನ್ನು ಕೆಲವರು ನಿವೃತ್ತರಾದರು. 1983ರಲ್ಲಿ ಹಗುರ ಯುದ್ಧವಿಮಾನದ ಯೋಜನೆ ಶುರುವಾದಾಗ ಬಹುಪಾಲು ಅ ಆ ಇ ಈಯಿಂದ ಆರಂಭಿಸಬೇಕಾಯಿತು. ತೇಜಸ್ ತಡವಾಯಿತು ಎಂದು ಆಡಿಕೊಳ್ಳುವವರು ನಡುವಿನ ಆ ಇಪ್ಪತ್ತು ವರ್ಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನ ಸಿಟ್ಟೇನಿದ್ದರೂ ಆ ಖಾಲಿ ವರ್ಷಗಳ ಮೇಲೆ, ತೇಜಸ್ ಮಾಡಿದವರ ಮೇಲಲ್ಲ.

1998ರಲ್ಲಿ ಪೋಖ್ರಾಣ್‌ನ ಮರಳಿನಡಿ ಅಣುಸ್ಫೋಟ ಆದಾಗ ಅಮೆರಿಕ ನಿರ್ಬಂಧ ಹಾಕಿತು. ಅಮೆರಿಕದಲ್ಲಿ ಈ ವಿಮಾನದ ನಿಯಂತ್ರಣ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳು ಹೊರಟು ಬರಬೇಕಾಯಿತು. ಅವರು ಬೆಂಗಳೂರಿನಲ್ಲೇ ಕೂತು ಅದನ್ನು ಮುಗಿಸಿದರು. 2001ರ ಜನವರಿ 4ರಂದು ತೇಜಸ್‌ನ ಮೊದಲ ಮಾದರಿ ಎಚ್‌ಎಎಲ್ ರನ್‌ವೇಯಿಂದ ಮೇಲೆದ್ದಿತು. ಈ ಗೆಲುವು ಸಣ್ಣದಲ್ಲ. ಗಣಕ ಕ್ಷಣಕ್ಷಣಕ್ಕೂ ತಿದ್ದದಿದ್ದರೆ ಆ ವಿಮಾನ ಗಾಳಿಯಲ್ಲಿ ನಿಲ್ಲುವುದಿಲ್ಲ, ಮತ್ತು ಆ ತಿದ್ದುವ ಸೂತ್ರ ಪೂರಾ ನಮ್ಮದು. 2016ರ ಜುಲೈ 1ರಂದು ವಾಯುಪಡೆಯ 45ನೇ ಸ್ಕ್ವಾಡ್ರನ್‌ಗೆ ತೇಜಸ್ ಸೇರಿದ್ದೂ ಬೆಂಗಳೂರಿನಲ್ಲೇ.

ಎಂಜಿನ್ ಮಾತ್ರ ಅಮೆರಿಕದ್ದು. ಬೆಂಗಳೂರಿನ ಜಿಟಿಆರ್‌ಇ ಎಂಬ ಸಂಶೋಧನಾ ಸಂಸ್ಥೆ ತಯಾರಿಸಿದ ಕಾವೇರಿ ಎಂಜಿನ್ ತೂಕ ಹೆಚ್ಚಾಗಿ, ಬೇಕಾದಷ್ಟು ನೂಕುಬಲ ಬಾರದೆ 2008ರಲ್ಲಿ ತೇಜಸ್‌ನಿಂದ ಬೇರೆಯಾಯಿತು. ಜೆಟ್ ಎಂಜಿನ್‌ನ ಟರ್ಬೈನ್ ಅಲಗು ಇರುವ ಜಾಗದಲ್ಲಿ ಅನಿಲದ ಬಿಸಿ ಆ ಲೋಹ ಕರಗುವ ಬಿಸಿಗಿಂತ ಹೆಚ್ಚು. ಅಲಗಿನೊಳಗೆ ಕೂದಲೆಳೆಯಂಥ ದಾರಿ ಬಿಟ್ಟು, ಅದರಲ್ಲಿ ಗಾಳಿ ಹಾಯಿಸಿ ತಂಪಾಗಿಡಬೇಕು. ಇಡೀ ಅಲಗನ್ನು ಒಂದೇ ಹರಳಾಗಿ ಎರಕ ಹೊಯ್ಯಬೇಕು. ಮೂಸೆಯ ಬಾಯಿ ಮೆತ್ತಿ, ಎಷ್ಟು ಹೊತ್ತು ಕಾಯಿಸಬೇಕು, ಎಷ್ಟು ನಿಧಾನ ಆರಿಸಬೇಕು ಎಂದು ನೋಡಿ ತಿಳಿಯುತ್ತಿದ್ದ ವಿದ್ಯೆಯ ಇಂದಿನ ರೂಪ ಅದು. ಅದನ್ನು ಬಲ್ಲ ದೇಶಗಳು ಬೆರಳೆಣಿಕೆಯಷ್ಟು, ಬಲ್ಲವರು ಹೇಳಿಕೊಡುವುದಿಲ್ಲ. ಹಾರುತ್ತಲೇ ಕಾವೇರಿಯನ್ನು ಪರೀಕ್ಷಿಸಲು 2010ರಲ್ಲಿ ಅದನ್ನು ರಷ್ಯಾಕ್ಕೆ ಸಾಗಿಸಿ ಅವರ ಇಲ್ಯೂಷಿನ್ ವಿಮಾನಕ್ಕೆ ಕಟ್ಟಬೇಕಾಯಿತು. ಆ ಸೌಲಭ್ಯವೇ ನಮ್ಮಲ್ಲಿರಲಿಲ್ಲ. 2021ರಲ್ಲಿ 83, 2025ರ ಸೆಪ್ಟೆಂಬರಿನಲ್ಲಿ ಮತ್ತೆ 97 ತೇಜಸ್ ಮಾರ್ಕ್-1ಎಗೆ ಆರ್ಡರ್ ಆಯಿತು. ಮೊದಲ ಆರ್ಡರಿನ ಎಂಜಿನ್‌ಗಳಲ್ಲಿ ಮೊದಲನೆಯದು ಬಂದದ್ದೇ 2025ರ ಮಾರ್ಚಿನಲ್ಲಿ. ಅಲ್ಲಿಯವರೆಗೆ ಎಚ್‌ಎಎಲ್ ಅಂಗಳದಲ್ಲಿ ವಿಮಾನದ ಮೈ ಕಾಯುತ್ತಿತ್ತು. 1961ರ ಮಾರುತ್ ಕಾದಂತೆಯೇ.

ಈಗ ನೆಲದ ಮಾತು. ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯಲ್ಲಿ ಜಮೀನಿನ ವಿಚಾರ ಬಂದರೆ ಮಳೆ, ಬೆಳೆ ಕೇಳುವ ಮೊದಲು ‘ನೋಟಿಫಿಕೇಷನ್ ಆಗಿದೆಯಾ?’ ಎಂದು ಕೇಳುತ್ತಾರೆ. ಇಲ್ಲಿ ವರ್ಷಪೂರ್ತಿ ಹರಿಯುವ ಹೊಳೆಯಿಲ್ಲ. ಸಾವಿರ ಅಡಿ ಕೊರೆದ ಬೋರ್‌ವೆಲ್ ನಂಬಿ ದ್ರಾಕ್ಷಿ, ರೇಷ್ಮೆ, ಹೂ, ತರಕಾರಿ ಬೆಳೆದು ಬದುಕಿದ ಜನ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಏರೋಸ್ಪೇಸ್ ಪಾರ್ಕ್ ಹೆಸರಿನಲ್ಲಿ ನೋಟಿಸ್ ಬಂದಾಗ ಅವರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. ಹೆಂಗಸರು ಮನೆಗೆಲಸ ಮುಗಿಸಿ, ಹಸು ಕರೆದು, ಪೆಂಡಾಲಿಗೆ ಬಂದು ಕೂರುತ್ತಿದ್ದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದಾಗಿ ಪ್ರಕಟಿಸಿದರು. ಬೆನ್ನಿಗೇ ಆಂಧ್ರದ ಸಚಿವ ನಾರಾ ಲೋಕೇಶ್, ಬೆಂಗಳೂರಿಗೆ ಹತ್ತಿರದಲ್ಲೇ ನಮ್ಮಲ್ಲಿ 8,000 ಎಕರೆ ಸಿದ್ಧವಿದೆ, ಬನ್ನಿ ಎಂದು ಉದ್ಯಮಿಗಳನ್ನು ಕರೆದರು. ಎರಡೂ ಕಡೆ ಮಾತು ಎಕರೆಯಲ್ಲೇ ಇತ್ತು. ಎಂಜಿನ್, ಲೋಹ, ತರಬೇತಿ ಇವು ಯಾವ ಹೇಳಿಕೆಯಲ್ಲೂ ಇಣುಕಲಿಲ್ಲ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯದು ಇನ್ನೂ ಹಳೆಯ ಕಥೆ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯನ್ನು ಟಿಪ್ಪು ಅಮೃತಮಹಲ್ ಎಂದು ಹೆಸರಿಸಿ ಬೆಳೆಸಿದ. ಫಿರಂಗಿ ಎಳೆಯಲೆಂದೇ ಸಾಕಿದ ದನಗಳವು. ಬಯಲುಸೀಮೆಯ ಕಾವಲುಗಳು ಅವುಗಳ ಮೇವಿನ ನೆಲ. ಸೈನ್ಯಕ್ಕೆ ದನ, ಊರಿಗೆ ಹುಲ್ಲು, ಎರಡೂ ಅಲ್ಲಿ ಒಟ್ಟಿಗೆ ಬೆಳೆದವು. ಚಳ್ಳಕೆರೆಯ ಅಂಥ ಕಾವಲಿನಲ್ಲಿ ಸುಮಾರು 10 ಸಾವಿರ ಎಕರೆ ಡಿಆರ್‌ಡಿಒ, ಇಸ್ರೊ, ಭಾಭಾ ಅಣುಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಚಾಲಕರಹಿತ ವಿಮಾನಗಳ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಯಾಯಿತು. ನೆಲೆ ಬೇಕಾಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ದೊಡ್ಡಉಳ್ಳಾರ್ತಿಯ ಕುರಿಗಾಹಿಗಳು ಗೋಡೆ ಎದ್ದ ಮೇಲೆ ವಿಷಯ ತಿಳಿದುಕೊಳ್ಳುವಂತಾದದ್ದು ಖಂಡಿತ ತಪ್ಪು. ತುಮಕೂರಿನ ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಆರಂಭವಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯೂ ಕಾವಲಿನಲ್ಲೇ ಇದೆ.

ನೆಲವಷ್ಟೇ ಅಲ್ಲ, ಹಣವೂ ಒಂದೇ ಸಾಲದು ಎಂಬುದಕ್ಕೆ ಮತ್ತೆ ಈಜಿಪ್ಟಿನ ಕಡೆ ನೋಡಬೇಕು. ಹೆಲ್ವಾನ್ ಮುಚ್ಚಿದ ಮೇಲೆ 1975ರಲ್ಲಿ ಈಜಿಪ್ಟ್, ಸೌದಿ, ಯುಎಇ, ಕತಾರ್ ಸೇರಿ ಜಂಟಿ ಆಯುಧ ಸಂಸ್ಥೆ ಮಾಡಿಕೊಂಡಿದ್ದವು. ಇಸ್ರೇಲ್ ಜೊತೆ ಈಜಿಪ್ಟ್ ಒಪ್ಪಂದ ಮಾಡಿಕೊಂಡದ್ದಕ್ಕೆ ಉಳಿದ ಮೂರೂ 1979ರಲ್ಲಿ ಹಣ ಹಿಂತೆಗೆದವು. ಈಗ ಸೌದಿ, ಯುಎಇ ಬೇರೆ ಬೇರೆಯಾಗಿ ಮತ್ತೆ ಹೊರಟಿವೆ. ಮಿಲಿಟರಿ ಖರ್ಚಿನ ಅರ್ಧದಷ್ಟನ್ನು 2030ರೊಳಗೆ ದೇಶದೊಳಗೇ ಮಾಡಬೇಕೆಂಬುದು ಸೌದಿಯ ಗುರಿ. ಅವರ ಬಳಿ ಹಣ ಎಷ್ಟು ಬೇಕಾದರೂ ಇದೆ. ನಮ್ಮ ಬಳಿ 1940ರಿಂದ ಮೂರು ತಲೆಮಾರು ಎಂಜಿನಿಯರುಗಳಿದ್ದಾರೆ, ಪೀಣ್ಯದ ಸಣ್ಣ ಶೆಡ್‌ಗಳಲ್ಲಿ ಸೂಕ್ಷ್ಮ ಅಳತೆಗೆ ಲೋಹ ಕಡೆಯುವ ಟರ್ನರ್, ಫಿಟ್ಟರ್‌ಗಳಿದ್ದಾರೆ. ತೇಜಸ್‌ನ ಹಿಂಬದಿಯ ಮೈ ಈಗ ಬೆಂಗಳೂರಿನ ಖಾಸಗಿ ಕಂಪನಿಯಲ್ಲೇ ತಯಾರಾಗುತ್ತಿದೆ. ಆ ಶೆಡ್‌ಗಳಿಗೆ ರಾಜಘಟ್ಟದಂಥ ಊರುಗಳ ಐಟಿಐ ಹುಡುಗರು ಬಸ್ ಹತ್ತಿ ಹೋಗುತ್ತಾರೆ; ಬಹುಪಾಲು ಗುತ್ತಿಗೆಯ ಮೇಲೆ. ವರ್ಷ ಎರಡು ವರ್ಷಕ್ಕೆ ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ, ಕಲಿತದ್ದು ಅಲ್ಲಿಗೇ ನಿಲ್ಲುತ್ತದೆ.

ಮುಂದಿನ ತಲೆಮಾರಿನ ಯುದ್ಧವಿಮಾನಕ್ಕೆ ಫ್ರಾನ್ಸ್‌ನ ಸಫ್ರಾನ್ ಜೊತೆ ಸೇರಿ ಎಂಜಿನ್ ಅಭಿವೃದ್ಧಿ ಮಾಡುವುದಾಗಿ 2025ರಲ್ಲಿ ರಕ್ಷಣಾ ಸಚಿವರು ಹೇಳಿದ್ದಾರೆ. ಆ ಒಪ್ಪಂದದಲ್ಲಿ ಕನ್ನಡಿಗರು ಮೂರು ಸಂಗತಿ ಹುಡುಕಿ ಓದಬೇಕು. ಎಂಜಿನ್ ಹಾರಿಸಿ ನೋಡುವ ನಮ್ಮದೇ ವಿಮಾನಕ್ಕೆ ಹಣ ಇಟ್ಟಿದ್ದಾರೆಯೇ? ಅಲಗಿನ ಎರಕ ಇಲ್ಲಿಯೇ ಆಗುತ್ತದೆಯೇ, ಅಥವಾ ತಂದು ಜೋಡಿಸುವುದಷ್ಟೇ ನಮ್ಮ ಪಾಲೇ? ಅದರಲ್ಲಿ ದುಡಿಯುವ ಹುಡುಗ, ಹುಡುಗಿಯರಿಗೆ ಹದಿನೈದು, ಇಪ್ಪತ್ತು ವರ್ಷ ಅದೇ ಕೆಲಸದಲ್ಲಿ ನಿಲ್ಲುವ ನೌಕರಿ ಇದೆಯೇ? ಈ ಮೂರಕ್ಕೂ ಹೌದು ಎಂದಿದ್ದರೆ, ಎಕರೆಯ ಮಾತನ್ನು ಚನ್ನರಾಯಪಟ್ಟಣದ ರೈತರ ಎದುರು ಕೂತು ಗೌರವದಿಂದ ಆಡಬಹುದು.